ಕೈಯಾರೆ ಮಾಡಿದ್ದು

ಯಾರ ಮನೆಗೆ ಹೋದರೂ ಕೂರುವ ಮುನ್ನ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುವ ಹೆಂಗಸರು ಲೋಕದಲ್ಲಿ ಹೆಚ್ಚು ಮಂದಿ ಇರಲಾರರು. ಅವಳು ಹಾಗೆ ನೋಡುತ್ತಿದ್ದಳು. ಮೊದಲು ಕುರ್ಚಿಯ ಬೆನ್ನು ಹಿಡಿದು ಸುಮ್ಮನೆ ಅಲುಗಿಸುವಳು. ಆಮೇಲೆ, ಮನೆಯವರು ನೀರು ತರಲು ಒಳಗೆ ಹೋದ ಹೊತ್ತು ಸಾಧಿಸಿ, ನಿದ್ದೆಹೋದ ಕೂಸನ್ನು ಮಗ್ಗುಲಾಗಿಸುವಷ್ಟು ಜತನದಿಂದ ಅದನ್ನು ಬೋರಲು ಹಾಕಿ, ಕಾಲು ಪೀಠವನ್ನು ಸೇರುವ ಸಂದಿನಲ್ಲಿ ಮೂಗು ತೂರಿಸಿ, "ಅಂದ್ರೆ ಏನಂದ್ರೆ, ಇದಕ್ಕೆ ಬರೀ ಗೋಂದು ಬಳಿದಿದಾರೆ" ಎಂದು ತನಗೆ ತಾನೇ ವರದಿ ಒಪ್ಪಿಸುವಳು. ನೀರಿನ ಲೋಟ ಹಿಡಿದು ಬಂದವರು ತಮ್ಮ ಕುರ್ಚಿ ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದಿರುವುದನ್ನು ಕಂಡು ಬೆಪ್ಪಾಗಿ ನಿಲ್ಲುವುದೂ, ಅವಳ ತಾಯಿ ನಾಚಿಕೆಯಿಂದ ಸೆರಗು ಸರಿಮಾಡಿಕೊಳ್ಳುವುದೂ ಎಷ್ಟೋ ಮನೆಗಳಲ್ಲಿ ನಡೆದುಹೋದ ದೃಶ್ಯ. ನೆಂಟರು ಅವಳಿಗೆ ಬುಡಮೇಲಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೆ ಆ ಹೆಸರಿನ ಮೇಲೆ ಕೋಪವೇನೂ ಇರಲಿಲ್ಲ.

ನಡಿಗೆಯೂ ಹಾಗೆಯೇ, ತನ್ನದೇ ಒಂದು ಧಾಟಿಯದು. ರೈಲು ತಪ್ಪಿಹೋಗುತ್ತಿದೆ ಎನ್ನುವಂತೆ ಬಿರಬಿರನೆ ಹೋಗುತ್ತಿದ್ದವಳು ಯಾವುದೋ ಅಂಗಡಿಯ ಬಾಗಿಲ ಹಿಡಿಕೆಯ ಮುಂದೆ ಗಕ್ಕನೆ ನಿಂತುಬಿಡುವಳು. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು, ಬೈದು, ಮುಂದೆ ಹೋಗುವರು. ಕೈಗಾರಿಕಾ ವಿನ್ಯಾಸ ಓದಲೆಂದು ಪರದೇಶಕ್ಕೆ ಹೋದ ಮೊದಲ ಚಳಿಗಾಲದಲ್ಲಿ, ಹಳೇ ಬಟ್ಟೆಯ ಅಂಗಡಿಯಿಂದ ಕೊಂಡಿದ್ದ ಒಂದು ಕಂದು ಕೋಟು ಅವಳ ಮೈಮೇಲಿರುತ್ತಿತ್ತು. ಅದು ಹಿಂದೆ ಯಾವನೋ ಭಾರೀ ಆಳಿನದಿರಬೇಕು: ಹೆಗಲು ತೋಳಿನ ಅರ್ಧಕ್ಕೆ ಜಾರಿ, ತೋಳು ಬೆರಳ ತುದಿಯನ್ನೂ ಮೀರಿ ನೇತಾಡುತ್ತಿತ್ತು. ಜೇಬುಗಳಲ್ಲಿ ಅಳತೆಯ ಟೇಪು, ಗಟ್ಟಿಯಾದ ಜೇಡಿಮಣ್ಣಿನ ಉಂಡೆ, ಮುರಿದ ಪೆನ್ಸಿಲು, ಬೀದಿಯಲ್ಲಿ ಹೆಕ್ಕಿದ ತಿರುಪುಮೊಳೆ. ಆ ಕೋಟಿನ ತೋಳು ಉದ್ದವಾದದ್ದು ಒಳ್ಳೆಯದೇ ಆಯಿತು ಎಂದು ಅವಳಿಗೆ ಅನ್ನಿಸಿದ ಒಂದು ಕಾಲ ಬಂತು. ಅವಳ ಬಾಳಿನಲ್ಲಿ ಹೇಳಲೇಬೇಕಾದ ಸಂಗತಿ ಆ ಕಾಲದ್ದು.

ವಸ್ತುಗಳ ಬುಡ ನೋಡುವುದನ್ನು ಅವಳಿಗೆ ಕಲಿಸಿದವನು ಸೋದರಮಾವ. ಅವನು ಎರಕದ ಕಾರ್ಖಾನೆಯೊಂದಕ್ಕೆ ಮರದ ಮಾದರಿ ಮಾಡಿಕೊಡುವ ಬಡಗಿ. ಪಂಪಿನ ಹೊಟ್ಟೆ, ಗಾಲಿಯ ಗುಂಬ, ಕವಾಟದ ಮುಚ್ಚಳ, ಹೀಗೆ ಕಬ್ಬಿಣದಲ್ಲಿ ಹುಟ್ಟಬೇಕಾದ ಪ್ರತಿಯೊಂದೂ ಮೊದಲು ಅವನ ಕೈಯಲ್ಲಿ ಮರವಾಗಿ ಹುಟ್ಟಬೇಕು. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದ ಮೇಲೆ ಅದಕ್ಕೆ ಮೂಲೆಯೇ ಗತಿ. ಪಂಪು ಕೊಂಡವನಿಗೆ ಅದರ ಹಿಂದೆ ಇಂಥದೊಂದು ಮರದ ಜೀವ ಇತ್ತೆಂಬುದೇ ತಿಳಿಯದು. ಮಾವನಿಗೆ ಅದರ ಬಗ್ಗೆ ಕೊರಗಿದ್ದಂತೆ ಕಾಣಲಿಲ್ಲ. ಶಾಲೆ ಬಿಟ್ಟೊಡನೆ ಶೆಡ್ಡಿಗೆ ಓಡಿಬರುತ್ತಿದ್ದ ಸೊಸೆಯನ್ನು ಮರದ ತುಂಡಿನ ಮೇಲೆ ಕೂರಿಸಿ, "ಮೇಲ್ಗಡೆ ಎಲ್ಲಾ ಚೆನ್ನಾಗೇ ಇರತ್ತೆ ಪುಟ್ಟಿ, ತಿರುಗಿಸಿ ನೋಡು" ಎನ್ನುವನು. ಅವಳು ತಿರುಗಿಸಿ ನೋಡುವಳು. ನೋಡಿದ್ದನ್ನು ಬರೆಯುವಳು. ಚಿತ್ರ ಅವಳಿಗೆ ಒಲಿದುಬಂದ ವಿದ್ಯೆ. ಆದರೆ ಉಳಿ ಹಿಡಿದರೆ ಐದು ನಿಮಿಷಕ್ಕೆ ಬೇಸರ. ಅರ್ಧ ಕೆತ್ತಿ ಕಣ್ಣು ಬೇರೆಲ್ಲೋ ಹೋದಾಗ ಮಾವ ನಗುತ್ತ, "ಕೊಡಿಲ್ಲಿ, ಕೊಡಿಲ್ಲಿ" ಎಂದು ಇಸಿದುಕೊಂಡು ತಾನೇ ಮುಗಿಸಿಬಿಡುವನು. ಆ ಅಕ್ಕರೆಯ 'ಕೊಡಿಲ್ಲಿ'ಯಿಂದಾಗಿ ಅವಳು ಮರಕ್ಕೆ ಮರ ಸೇರಿಸುವ ಒಂದು ಕೂಡಿಕೆಯನ್ನೂ ಕೊನೆಮುಟ್ಟ ಮಾಡಿದವಳಲ್ಲ.

ಅವಳ ತಾಯಿ ದೊಡ್ಡ ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುತ್ತಿದ್ದಳು. ಗಿರಾಕಿಯ ಎದುರು ಕೆಲಸದವರು ಕೂರಕೂಡದೆಂಬುದು ಅಲ್ಲಿನ ಕಟ್ಟಳೆ. ದಿನವಿಡೀ ನಿಂತು ಬಂದ ತಾಯಿ ಸಂಜೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಳಿಬಿಟ್ಟು ಕಣ್ಣುಮುಚ್ಚಿ ಕೂರುವುದನ್ನು ನೋಡುತ್ತ ನೋಡುತ್ತ ಮಗಳಿಗೆ ಒಂದು ವಸ್ತು ಹೊಳೆಯಿತು: ಮುಂದಕ್ಕೆ ಬಾಗಿದ, ಅಂಗೈಯಷ್ಟೇ ಅಗಲದ ಪೀಠ, ನಾಲ್ಕು ಓರೆ ಕಾಲು, ಅದಕ್ಕೆ ಒರಗಿದರೆ ಮೈಯ ಭಾರ ಅದು ಹೊರುತ್ತದೆ, ಎದುರು ನಿಂತವರಿಗೆ ಮಾತ್ರ ಒರಗಿದವಳು ನಿಂತಂತೆಯೇ ಕಾಣುತ್ತಾಳೆ. ಕಲ್ಪನೆ ಅಪ್ಪಟ ಅವಳದೇ. ಅದರಲ್ಲಿ ಎರಡು ಮಾತಿಲ್ಲ. ಮಾಡಿದವನು ಮಾವ. ಓರೆ ಕಾಲಿನ ತುದಿಯನ್ನು ಕೆತ್ತಿ, ಪೀಠದ ಓರೆ ತೂತಿನಲ್ಲಿ ಇಳಿಸಿ, ಹೊರಗೆ ಕಾಣದಂತೆ ಬೆಣೆ ಕೂರಿಸುವ ಆ ಕೂಡಿಕೆಗೆ ಅವನು ಎಂಟು ದಿನ ಹಿಡಿದನು. ಅವನು ಕೆತ್ತುತ್ತಿದ್ದಾಗ ಅವಳು ಮೊಬೈಲಿನಲ್ಲಿ ಅವನ ಕೈಗಳ ಫೋಟೋ ತೆಗೆದಳು, ಮುಖ ಬರದಂತೆ, ಕೈಗಳು ಮಾತ್ರ. ಪರದೇಶದ ಕಾಲೇಜಿಗೆ ಕಳಿಸುವ ಪೋರ್ಟ್‌ಫೋಲಿಯೋದಲ್ಲಿ ಆ ಫೋಟೋಗಳನ್ನು ಸಾಲಾಗಿ ಜೋಡಿಸಿ, ಕೆಳಗೆ 'ನಾನು ಕೈಯಾರೆ ಮಾಡಿದ್ದು' ಎಂದು ಬರೆದಳು. ಬರೆಯುವ ಮುನ್ನ ಮಾವನನ್ನು ಕೇಳಿದ್ದಳು ಎಂಬುದನ್ನೂ ಹೇಳಬೇಕು.

"ಬರ್ಕೊಳೇ, ಬರ್ಕೋ. ನನ್ನ ಹೆಸರು ಹಾಕಿದ್ರೆ ಅವರೇನು ನನ್ನನ್ನ ಕಾಲೇಜಿಗೆ ಸೇರಿಸ್ಕೋತಾರಾ?" ಎಂದು ಮಾವ ನಕ್ಕಿದ್ದನು. ಅವಳೂ ನಕ್ಕಿದ್ದಳು. ಲೋಕದ ಎಲ್ಲ ವಸ್ತುಗಳ ಬುಡ ನೋಡುತ್ತಿದ್ದವಳಿಗೆ ತನ್ನದನ್ನೂ ಯಾರಾದರೂ ತಿರುಗಿಸಿ ನೋಡಿಯಾರೆಂದು ಆಗ ತೋರಲಿಲ್ಲ.

ಕಾಲೇಜಿನ ಮೊದಲ ತಿಂಗಳುಗಳು ಸೊಗಸಾಗಿಯೇ ಕಳೆದವು. ಬೆರಳು ಬಿಗಿದುಕೊಂಡ ವೃದ್ಧರಿಗೆ ಸೀಸೆಯ ಮುಚ್ಚಳ ತೆರೆಯುವ ಹಿಡಿಕೆಯೊಂದನ್ನು ಮಾಡುವ ಯೋಜನೆಯಲ್ಲಿ ಅವಳು ವೃದ್ಧಾಶ್ರಮಕ್ಕೆ ಹೋಗಿ ಇಪ್ಪತ್ತಾರು ಮಂದಿಯ ಅಂಗೈಯನ್ನು ಜೇಡಿಯಲ್ಲಿ ಒತ್ತಿಸಿ ತಂದಳು. ಅಂಗೈಯ ಅಚ್ಚುಗಳನ್ನು ಮೇಜಿನ ಮೇಲೆ ಹರಡಿದಾಗ ಮೇಷ್ಟ್ರುಗಳೇ ಸುತ್ತ ನೆರೆದು ನೋಡಿದರು. ಅದರಲ್ಲಿ ಕೆತ್ತುವುದೇನಿರಲಿಲ್ಲ, ನೋಡುವುದಿತ್ತು, ಯೋಚಿಸುವುದಿತ್ತು. ಅವಳು ಅದರಲ್ಲಿ ಯಾರಿಗೂ ಕಡಿಮೆಯಿಲ್ಲ. ಆಮೇಲೆ ಬಂದದ್ದು ವರ್ಕ್‌ಶಾಪಿನ ಸರದಿ. ಅಲ್ಲಿ ಯಜಮಾನಿಕೆ ಒಬ್ಬ ಕುಳ್ಳು ಹೆಂಗಸಿನದು. ಅರವತ್ತರ ಹತ್ತಿರದ ವಯಸ್ಸು, ಕಿವಿಯ ಸಂದಿನಲ್ಲಿ ಪೆನ್ಸಿಲು, ಯಾರದಾದರೂ ಬೆರಳು ಯಂತ್ರಕ್ಕೆ ತಾಗಿದರೆ ಯಂತ್ರಕ್ಕಿಂತ ಮೊದಲು ಬೆರಳಿನ ಒಡೆಯನನ್ನು ಗದರಿಸುವ ಸ್ವಭಾವ. ಎಲ್ಲರೂ ಆಕೆಯನ್ನು ನಮ್ಮಲ್ಲಿ ಮೇಸ್ತ್ರಮ್ಮನೆಂದರೆ ಸಲ್ಲುವಂಥ ಹೆಸರಿನಿಂದ ಕರೆಯುತ್ತಿದ್ದರು.

ಮೇಸ್ತ್ರಮ್ಮ ಅವಳ ಪೋರ್ಟ್‌ಫೋಲಿಯೋ ತಿರುವಿಹಾಕುತ್ತ ಒರಗುಪೀಠದ ಪುಟದಲ್ಲಿ ನಿಂತುಬಿಟ್ಟಳು. "ಈ ಕೂಡಿಕೆ ನನಗೂ ಬರಲ್ಲ" ಎಂದಳು. "ನಲವತ್ತು ವರ್ಷದಿಂದ ಮರ ಕೆತ್ತಿದೀನಿ, ಒಳಗಿನ ಬೆಣೆ ಹೀಗೆ ಕೂರಿಸೋದನ್ನ ನೋಡಿಲ್ಲ. ಆರು ವಾರ ಟೈಮು ತಗೋ. ಇನ್ನೊಂದು ಪೀಠ ಇಲ್ಲೇ ಮಾಡು. ಆಮೇಲೆ ನಮಗೆಲ್ಲ ನೀನೇ ಹೇಳಿಕೊಡು."

ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದದ್ದೂ ಉಂಟು. ಸುತ್ತ ಹನ್ನೆರಡು ಮಂದಿ ಸಹಪಾಠಿಗಳು, ಅವರ ಕಣ್ಣಿನಲ್ಲಿ ಆ ಹೊತ್ತಿಗೆ ಮೂಡಿದ್ದ ಗೌರವ. ಆ ಗೌರವವನ್ನು ಕೈಯಾರೆ ಕಳಚಿಡುವುದು ಅವಳಿಂದ ಆಗಲಿಲ್ಲ. "ಸರಿ" ಎಂದಳು. ಪೀಠವನ್ನು ಯಂತ್ರದಲ್ಲಿ ಹೇಗೋ ಕೊರೆದಳು. ಕಾಲುಗಳು ಮಾತ್ರ ಮಣಿಯಲಿಲ್ಲ. ಮೊದಲ ವಾರದಲ್ಲಿ ಹನ್ನೊಂದು ಕಾಲು ಕೆಟ್ಟವು. ಒಂದು ಸೀಳಿತು, ಒಂದು ಸಡಿಲಾಯಿತು, ಒಂದರ ಓರೆ ತಿರುಗುಮುರುಗಾಯಿತು. ಇಲ್ಲಿನ ಮರ ಬೇರೆ ಥರ ಎಂದಳು, ನಂಬಿದರು. ಉಳಿಯ ಅಂಚು ಬೇರೆ ಎಂದಳು. ಮೇಸ್ತ್ರಮ್ಮ ತನ್ನ ಸ್ವಂತ ಉಳಿಗಳನ್ನೇ ತಂದುಕೊಟ್ಟಳು. ಇನ್ನು ಹೇಳಲು ಸುಳ್ಳು ಉಳಿಯದೆ, ಎರಡನೆಯ ವಾರದ ಸೋಮವಾರ, ಬಲಗೈಯ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಉಳುಕಿದೆ ಎಂದಳು.

ಸುಳ್ಳಿಗೆ ಸಿಗುವ ಪ್ರೀತಿಯಷ್ಟು ಸುಡುವಂಥದು ಬೇರೆ ಯಾವುದೂ ಇರಲಾರದೆಂಬುದು ಅವಳಿಗೆ ತಿಳಿದದ್ದು ಆ ದಿನಗಳಲ್ಲಿ. ಪಕ್ಕದ ಬೆಂಚಿನಲ್ಲಿ ಉದ್ದನೆಯ ಹುಡುಗಿಯೊಬ್ಬಳು ಕೆಲಸ ಮಾಡುತ್ತಿದ್ದಳು. ನೀಳ ಕತ್ತು, ನೀಳ ಕಾಲು, ಮಾತು ಕಡಿಮೆ. ನಮ್ಮವಳು ಮನಸ್ಸಿನಲ್ಲೇ ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದಳು. ಕೊಕ್ಕರೆ ಅಂದಿನಿಂದ ಇವಳ ಚೀಲ ಹೊತ್ತಳು, ಇವಳ ಪಾಲಿನ ಕಸ ಗುಡಿಸಿದಳು, ಹಲಗೆಗಳನ್ನು ಮಹಡಿಗೆ ಸಾಗಿಸಿಕೊಟ್ಟಳು. ಕ್ಯಾಂಟೀನಿನಲ್ಲಿ ಕೇಳದೆಯೇ ಇವಳ ರೊಟ್ಟಿಯನ್ನು ತುಂಡು ಮಾಡಿ ಮುಂದಿಟ್ಟಳು. ನೋವಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಬ್ಬಳು ತುಂಡು ಮಾಡಿದ ರೊಟ್ಟಿ ತಿನ್ನುವುದು. ಉಳಿದ ಹೊತ್ತೆಲ್ಲ ಆ ಕೈ ಕೋಟಿನ ತೋಳಿನೊಳಗೆ.

ಆ ಭಾನುವಾರ ಬೆಳಗ್ಗೆ ಮಾವನಿಗೆ ವಿಡಿಯೋ ಕಾಲ್ ಮಾಡಿದಳು. ಕೂಡಿಕೆ ಹೇಗೆ ಕೆತ್ತೋದು, ಇನ್ನೊಮ್ಮೆ ತೋರಿಸು ಎಂದು ಕೇಳುವುದಕ್ಕೆ. ಮಾವ ಶೆಡ್ಡಿನಲ್ಲಿದ್ದನು. ಉಳಿ ಎತ್ತಿಕೊಂಡವನು ಸೊಸೆಯ ಮಣಿಕಟ್ಟು ಕಂಡು ಕೆಳಗಿಟ್ಟನು.

"ಏನಾಯ್ತೇ ಕೈಗೆ?"

ಅವಳಿಗೆ ಬ್ಯಾಂಡೇಜು ಬಿಚ್ಚಿಡಲು ಮರೆತುಹೋಗಿತ್ತು. "ಏನಿಲ್ಲ ಮಾವ, ಸ್ವಲ್ಪ ಉಳುಕಿದೆ."

"ಬಲಗೈ ಕಣೇ ಅದು! ಡಾಕ್ಟ್ರು ಏನಂದ್ರು? ಮೂಳೆ ನೋಡಿದ್ರಾ? ಬೆರಳು ಮಡಚೋಕೆ ಆಗತ್ತಾ, ಮಡಚು ನೋಡಣ."

ಅವಳು ಮಡಚಿ ತೋರಿಸಿದಳು, ನೋವಾದವಳಂತೆ ಮುಖ ಕಿವುಚಿ. ಮಾವ ಬಹಳ ಹೊತ್ತು ಆ ಬೆರಳುಗಳನ್ನೇ ನೋಡುತ್ತಿದ್ದನು. ಆಮೇಲೆ ಕೇಳಿದನು: "ಹೋಗ್ಲಿ, ಕಾಲು ನಾನೇ ಮಾಡಿ ಕಳಿಸ್ಲಾ? ಬಿಡಿ ಬಿಡಿಯಾಗಿ ಕಟ್ಟಿ ಪಾರ್ಸೆಲ್ ಮಾಡ್ತೀನಿ. ನಿನ್ನ ಕೈಗಿಂತ ದೊಡ್ಡದಾ ಅದು?"

ಬೇಡ ಎನ್ನಬೇಕಾದ ಕಡೆ ಅವಳು ಮನಸ್ಸಿನಲ್ಲಿ ದಿನ ಎಣಿಸಿದಳು. ಕೆತ್ತಲು ಎಂಟು, ಅಂಚೆಗೆ ಹತ್ತು, ಉಳಿಯುವುದು ಹತ್ತು. ಆ ಎಣಿಕೆಯ ನೆನಪು ಇಂದಿಗೂ ಅವಳನ್ನು ನಡೆಯುವ ದಾರಿಯಲ್ಲಿ ನಿಲ್ಲಿಸಿಬಿಡುತ್ತದೆ. ಉಳಿದೆಲ್ಲ ಅಂಜಿಕೆಯಿಂದಾದದ್ದು, ಇದೊಂದು ಲೆಕ್ಕ ಹಾಕಿ ಮಾಡಿದ್ದು. "ಹೂಂ ಮಾವ" ಎಂದಳು.

ಪಾರ್ಸೆಲ್ಲು ಗಡುವಿಗೆ ಮೊದಲೇ ಬಂತು. ಮಾವನ ಹಳೆಯ ಅಂಗಿಯಲ್ಲಿ ಸುತ್ತಿದ ನಾಲ್ಕು ಕಾಲು, ಒಂದೊಂದರ ತುದಿಯೂ ಕೆತ್ತಿ, ಉಜ್ಜಿ, ಬೆಣೆಯ ಸೀಳು ಬಿಟ್ಟು ಸಿದ್ಧವಾದದ್ದು. ಜೊತೆಗೆ ಐದನೆಯದೊಂದು, ಕೆತ್ತದೆ ಗೆರೆ ಮಾತ್ರ ಹಾಕಿದ್ದು. ರಟ್ಟಿನ ಚೂರಿನ ಮೇಲೆ ಬಡಗಿಯ ಪೆನ್ಸಿಲಿನಲ್ಲಿ ನಾಲ್ಕು ಸಾಲು: 'ಎಣ್ಣೆ ಸೀಸೆ ಕಳಿಸೋಣ ಅಂದರೆ ಅಂಚೆಯವರು ಬೇಡ ಅಂದರು. ಕೈಗೆ ಬಿಸಿ ಶಾಖ ಕೊಡು. ಪೂರ್ತಿ ವಾಸಿ ಆದಮೇಲೆ ಐದನೇದು ನೀನು ಕೆತ್ತು. ಅವಸರ ಬೇಡ.' ಯಾವ ಕಾಲು ಯಾವ ತೂತಿಗೆ ಎಂದು ಗೊತ್ತಾಗಲೆಂದು ನಾಲ್ಕರ ಮೇಲೂ ಮಾವ ತನ್ನ ಗುಂಡನೆಯ ಕೈಬರಹದಲ್ಲಿ ೧, ೨, ೩, ೪ ಎಂದು ಬರೆದಿದ್ದನು. 'ಎಡ', 'ಬಲ' ಎಂದೂ ಬರೆದಿದ್ದನು.

ಆ ಅಕ್ಷರ ಅಲ್ಲಿರಕೂಡದು. ವರ್ಕ್‌ಶಾಪಿನ ಮೂಲೆಯಲ್ಲಿ, ಊಟದ ಬಿಡುವಿನಲ್ಲಿ, ಅವಳು ಉಪ್ಪುಕಾಗದ ಹಿಡಿದು ಕೂತಳು. ಒಂದು ಹೋಯಿತು. ಎರಡು ಹೋಯಿತು. ಮಾವ ಒತ್ತಿ ಬರೆಯುವವನು. ಪೆನ್ಸಿಲಿನ ಗುರುತು ಮರದ ಎಳೆಗೆ ಇಳಿದಿತ್ತು, ಉಜ್ಜಿದಷ್ಟೂ ಮಸುಕಾಗಿ ಉಳಿಯುತ್ತಿತ್ತು. ಮೂರನೆಯದಕ್ಕೆ ಕೈ ಹಾಕಿದಾಗ ಮೇಲೆ ನೆರಳು ಬಿತ್ತು. ಕೊಕ್ಕರೆ.

"ನೋವಿರೋ ಕೈಯಲ್ಲಿ ಯಾಕೆ ಉಜ್ಜುತೀಯ?" ಎಂದು ಅವಳು ಬಾಗಿ, ಕೈಯಿಂದ ಮೆಲ್ಲಗೆ ಕಾಗದ ಬಿಡಿಸಿಕೊಂಡಳು. "ಕೊಡು, ನಾನು ಅಳಿಸಿಕೊಡ್ತೀನಿ."

ಏನು ಅಳಿಸುತ್ತಿದ್ದೇನೆಂದು ಆ ಹುಡುಗಿಗೆ ಗೊತ್ತಿಲ್ಲ. ಆ ಗುಂಡು ಅಂಕಿ ಅವಳಿಗೆ ಬರಿಯ ಕಲೆ. ಅವಳು ಎರಡು ಸಲ ಉಜ್ಜಿದ್ದಳೋ ಇಲ್ಲವೋ, ನಮ್ಮವಳು ಕೂತಲ್ಲಿಂದ ಎದ್ದು, "ಬಿಡು! ಮುಟ್ಟಬೇಡ ಅದನ್ನ!" ಎಂದು ಕೂಗಿದಳು. ಇಡೀ ವರ್ಕ್‌ಶಾಪು ತಿರುಗಿ ನೋಡಿತು. ಅವಳು ಬ್ಯಾಂಡೇಜಿನ ತುದಿ ಹಿಡಿದು ಎಳೆದಳು. ಅದು ಸುತ್ತು ಸುತ್ತಾಗಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. "ನನ್ನ ಕೈಗೆ ಏನೂ ಆಗಿಲ್ಲ" ಎಂದಳು. "ಇದನ್ನ ನಾನು ಮಾಡಿಲ್ಲ. ಆ ಫೋಟೋದಲ್ಲಿರೋದನ್ನೂ ಮಾಡಿರಲಿಲ್ಲ."

ಕೊಕ್ಕರೆ ಬೈಯಲಿಲ್ಲ. ಉಪ್ಪುಕಾಗದವನ್ನು ಬೆಂಚಿನ ಮೇಲೆ ನೀಟಾಗಿ ಇಟ್ಟು, ಕೈಯ ಧೂಳು ಕೊಡವಿ, ಹೊರಟುಹೋದಳು. ಅವರ ಗೆಳೆತನ ಮತ್ತೆ ಕೂಡಲಿಲ್ಲ. ಎದುರಾದಾಗ ತಲೆಯಾಡಿಸುವುದೊಂದು ಉಳಿಯಿತು, ಅಷ್ಟೆ. ಮೇಸ್ತ್ರಮ್ಮ ಮಾತ್ರ ಪೋರ್ಟ್‌ಫೋಲಿಯೋ ತರಿಸಿ, ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಫೋಟೋದ ಕೈಯಲ್ಲಿ ಎಡ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. "ಇಷ್ಟು ದೊಡ್ಡದಾಗಿ ಕಾಣ್ತಿತ್ತು, ನಾನೂ ನೋಡಲಿಲ್ಲ" ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ, "ಯಾರ ಕೈ ಇದು?" ಎಂದಳು.

"ನನ್ನ ಮಾವಂದು."

"ಅವರಿಗೆ ಹೆಸರಿಲ್ವಾ?"

ಅವಳು ಹೆಸರು ಹೇಳಿದಳು. ಆ ಕಟ್ಟಡದಲ್ಲಿ ಆ ಹೆಸರು ಮೊದಲ ಬಾರಿಗೆ ಕೇಳಿಸಿತು. ಮೇಸ್ತ್ರಮ್ಮ ಅದನ್ನು ತನ್ನ ನಾಲಗೆಗೆ ಒಗ್ಗಿಸಿಕೊಳ್ಳಲು ಎರಡು ಸಲ ಹೇಳಿ, ಎರಡು ಸಲವೂ ತಪ್ಪಿ, "ಉಳಿಗಳನ್ನ ವಾಪಸು ಕೊಡು, ಬೆಂಚು ಖಾಲಿ ಮಾಡು" ಎಂದಳು.

ಮೂವರು ಮೇಷ್ಟ್ರುಗಳು ಕೂತು ವಿಚಾರಿಸಿದರು. ಕಾಲೇಜಿನಿಂದ ತೆಗೆಯಬೇಕೆಂದು ಒಬ್ಬರು, ಬೇಡವೆಂದು ಒಬ್ಬರು. ಮೇಸ್ತ್ರಮ್ಮನನ್ನು ಕೇಳಿದಾಗ, "ಕಣ್ಣು ಇವಳದೇ. ಕೈ ಇಲ್ಲ. ಬರತ್ತೋ ಇಲ್ಲವೋ ನೋಡಬೇಕು" ಎಂದಳಂತೆ. ಕೊನೆಗೆ ಆ ವರ್ಷದ ಕಲಿಕೆಯನ್ನೆಲ್ಲ ರದ್ದುಮಾಡಿ, ಮರುವರ್ಷ ಹೊಸಬರ ಜೊತೆ ಮೊದಲಿಂದ ಶುರುಮಾಡುವಂತೆ ಹೇಳಿದರು.

ಮಾವನಿಗೆ ಹೇಳಲು ಅವಳಿಗೆ ಮೂರು ದಿನ ಹಿಡಿಯಿತು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಅತ್ತಳು. ಮಾವ ಮೊದಲು ಸಮಾಧಾನವನ್ನೇ ಹೇಳಿದನು. "ಅಯ್ಯೋ, ಹೆಸರು ಹಾಕಿಲ್ಲ ಅಂತ ಯಾರಾದ್ರೂ ಅಳ್ತಾರಾ? ನಾನೇ ತಾನೇ ಬರ್ಕೋ ಅಂದಿದ್ದು. ಆ ಪಂಪಿನ ಮೇಲೆಲ್ಲ ನನ್ನ ಹೆಸರಿದೆಯಾ? ಸುಮ್ನಿರು ಪುಟ್ಟಿ." ಅವಳ ಅಳು ಇಳಿಯುವವರೆಗೂ ಏನೇನೋ ತಮಾಷೆ ಮಾಡಿದನು.

"ಹಂಗಾದ್ರೆ," ಎಂದನು ಆಮೇಲೆ, "ಕೈಗೆ ಏನೂ ಆಗಿರಲೇ ಇಲ್ವಾ?"

"ಇಲ್ಲ ಮಾವ."

"ನಾನು ಆ ಎಂಟು ದಿನ ಉಳಿ ಹೊಡೆದಾಗೆಲ್ಲ ನಿನ್ನ ಮಣಿಕಟ್ಟೇ ಕಣ್ಮುಂದೆ ಬರ್ತಿತ್ತು. ಎಲ್ಲಿ ಕೈ ಸೆಟೆದು ಹೋಗತ್ತೋ, ಇನ್ನು ಪೆನ್ಸಿಲ್ ಹಿಡಿಯೋದು ಹೇಗೋ ಅಂತ." ಮತ್ತೆ, ಕೋಪವಿಲ್ಲದೆ, ದಣಿದವನಂತೆ ಹೇಳಿದನು: "ಬೇರೆ ಏನಾದ್ರೂ ಹೇಳ್ಬಹುದಿತ್ತು ಕಣೇ. ಕೈ ವಿಷಯದಲ್ಲಿ ಸುಳ್ಳು ಹೇಳಬಾರದಿತ್ತು."

ಮೇಷ್ಟ್ರುಗಳ ತೀರ್ಮಾನ ಅವಳನ್ನು ಒಂದು ವರ್ಷ ಹಿಂದಕ್ಕೆ ತಳ್ಳಿತು. ಈ ಮಾತು ಎಷ್ಟು ವರ್ಷ ಹಿಂದಕ್ಕೆ ತಳ್ಳಿತೆಂಬುದನ್ನು ಅವಳೇ ಬಲ್ಲಳು.

ಮರುವರ್ಷ ಹೊಸ ಹುಡುಗರ ನಡುವೆ ನಿಂತು ಗೆರೆ ಹಿಡಿದು ಗರಗಸ ಎಳೆದಳು. ಗೆರೆ ಸೊಟ್ಟಗಾದರೆ ಮೇಸ್ತ್ರಮ್ಮ ಏನೂ ಹೇಳದೆ ಇನ್ನೊಂದು ತುಂಡು ತಂದಿಟ್ಟು ಹೋಗುವಳು. ಆಕೆ ತನ್ನ ಉಳಿಗಳನ್ನು ಮತ್ತೆ ಕೊಡಲು ಐದು ತಿಂಗಳು ತೆಗೆದುಕೊಂಡಳು. ಓರೆ ಕೂಡಿಕೆ ಅವಳಿಗೆ ಒಲಿದದ್ದು ಆ ವರ್ಷದ ಕೊನೆಗೆ, ಅದೂ ಸುಮಾರಾಗಿ. ವಾರ್ಷಿಕ ಪ್ರದರ್ಶನದಲ್ಲಿ ಅವಳು ಎರಡು ಒರಗುಪೀಠಗಳನ್ನು ಅಕ್ಕಪಕ್ಕ ಇಟ್ಟಳು: ಒಂದರ ಕಾಲು ಮಾವನದು, ಇನ್ನೊಂದರದು ತನ್ನದು. ಯಾವುದು ಯಾರದೆಂದು ಕೆಳಗೆ ಬರೆದಿದ್ದಳು. ಪೋರ್ಟ್‌ಫೋಲಿಯೋದಲ್ಲಿ ಮೊದಲು ಏನೆಂದು ಬರೆದಿದ್ದಳೆಂಬುದನ್ನೂ ಬರೆದಿದ್ದಳು. ನೋಡಬಂದ ಒಬ್ಬಾಕೆ ಓದಿ, ಕಣ್ಣು ತುಂಬಿಕೊಂಡು, "ಎಂಥಾ ಪ್ರಾಮಾಣಿಕತೆ!" ಎಂದು ಅವಳ ಕೈ ಹಿಡಿದುಕೊಂಡಳು. ಅವಳು ಕೈ ಬಿಡಿಸಿಕೊಂಡು, "ಇಲ್ಲ, ಅಂದ್ರೆ ಏನಂದ್ರೆ, ನಾನು ಸಿಕ್ಕಿಬೀಳೋ ಹಾಗಾಗಿತ್ತು" ಎಂದು ತೊದಲಿ, ಉಳಿದ ಮಧ್ಯಾಹ್ನವನ್ನು ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕಳೆದಳು. ತಪ್ಪಿಗೆ ಬೈಗುಳ ತಿಂದಾಗ ಇಷ್ಟು ನಾಚಿಕೆಯಾಗಿರಲಿಲ್ಲ.

ಈಗ ಅವಳು ಆಸ್ಪತ್ರೆಯ ಮಂಚಗಳನ್ನು ಮಾಡುವ ಕಂಪನಿಯೊಂದರಲ್ಲಿ ವಿನ್ಯಾಸಕಿ. ಅವಳ ನಕ್ಷೆಯ ಹಾಳೆಯ ಮೂಲೆಯಲ್ಲಿ ಬೆಸುಗೆಯವನ ಹೆಸರು, ಬಣ್ಣದವನ ಹೆಸರು, ಸ್ಪಂಜು ಕತ್ತರಿಸಿದವಳ ಹೆಸರು ಇರುತ್ತವೆ; ಇದೇನು ಮದುವೆಯ ಕರೆಯೋಲೆಯೇ ಎಂದು ಮ್ಯಾನೇಜರು ಗೊಣಗುತ್ತಾನೆ. ಅವಳು ವಾದ ಮಾಡುವುದಿಲ್ಲ, ಅಳಿಸುವುದೂ ಇಲ್ಲ. ವರ್ಷಕ್ಕೊಮ್ಮೆ ಮಾವನನ್ನು ನೋಡಿ ಬರುತ್ತಾಳೆ. ಮಾವ ಹಿಂದಿನ ಹಾಗೆಯೇ ನಗುತ್ತಾನೆ, ತಮಾಷೆ ಮಾಡುತ್ತಾನೆ. ಅವಳು ಎಲ್ಲಾದರೂ ತಲೆನೋವು ಎಂದರೆ ಮಾತ್ರ ಒಂದು ಕ್ಷಣ ಅವಳ ಮುಖ ನೋಡುತ್ತಾನೆ, ಆಮೇಲೆ ಮಾತ್ರೆ ತರಲು ಏಳುತ್ತಾನೆ. ಆ ಒಂದು ಕ್ಷಣ ಅವನಿಗೆ ಗೊತ್ತಿಲ್ಲ, ಅವಳಿಗೆ ಗೊತ್ತಿದೆ.

ತಪ್ಪು ಮಾಡದವರು ಯಾರು? ಹೆಚ್ಚಿನವರು ಕಾಲಾಂತರದಲ್ಲಿ ಅದನ್ನು ಮರೆಯುತ್ತಾರೆ. ಜಾಣರಾದವರು ಅದನ್ನೇ ತಾವು ದೊಡ್ಡವರಾಗಿ ಕಾಣುವ ಒಂದು ಕಥೆಯನ್ನಾಗಿ ತಿದ್ದಿ ನಾಲ್ಕು ಜನರೆದುರು ಹೇಳಿಕೊಳ್ಳುತ್ತಾರೆ. ಈ ಎರಡೂ ಬಾರದ ಕೆಲವರಿರುತ್ತಾರೆ. ಎಲ್ಲರೂ ಕ್ಷಮಿಸಿ ಆದಮೇಲೂ ಅವರಿಗೆ ಬಿಡುಗಡೆಯಿಲ್ಲ. ಹೊಗಳಿದರೆ ಕುಗ್ಗುತ್ತಾರೆ, ಸಮಾಧಾನ ಹೇಳಿದರೆ ಎದ್ದುಹೋಗುತ್ತಾರೆ, ಒಡನೆ ಬಾಳುವವರಿಗೆ ಆಗಾಗ ರೇಜಿಗೆ ಹಿಡಿಸುತ್ತಾರೆ. ಸಂತೋಷವಾಗಿರುವ ಜನವಲ್ಲ ಇವರು. ಆದರೆ ಇಂಥವರು ಇಲ್ಲ ಎಂದರೆ ಇಲ್ಲ, ಆಯಿತು ಎಂದರೆ ಆಯಿತು. ಅವರು ಸರಿಯಾಗಿದೆಯೆಂದು ಹೇಳಿ ಕಳಿಸಿದ ಮಂಚದ ಮೇಲೆ, ಅವರು ಯಾರೆಂದೇ ಅರಿಯದ ಒಬ್ಬ ರೋಗಿ, ತನ್ನ ಮೈಯ ಪೂರ್ತಿ ಭಾರವನ್ನು ಬಿಟ್ಟು ಮಗ್ಗುಲಾಗುತ್ತಾನೆ.